ಗಡ್ಡೆಯ ಚರಿತ್ರೆ, ಬದುಕಿದವರ ಲೆಕ್ಕ

ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕೊರಳಲ್ಲಿ ಏಳುವ ಗಂಟಿಗೆ ನಮ್ಮ ಹಳಿಯಾಳದ ಕಡೆಯ ಜನ ಹೆದರಲು ಕಲಿತದ್ದು ಕ್ಯಾನ್ಸರ್ ಎಂಬ ಶಬ್ದ ಊರಿಗೆ ಬರುವುದಕ್ಕಿಂತ ಬಹಳ ಮೊದಲೇ. ಕಲಿಸಿದ್ದು ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹಿಡಿದು ಧಾರವಾಡ ಜಿಲ್ಲೆಗೂ ಇಳಿಯಿತು. 1898ರಲ್ಲಿ ಹುಬ್ಬಳ್ಳಿ ಅದರ ಹೊಡೆತಕ್ಕೆ ತತ್ತರಿಸಿತು. ಹುಬ್ಬಳ್ಳಿಯ ಪೇಟೆಗೆ, ಧಾರವಾಡದ ಕಚೇರಿಗೆ ನಡೆದಾಡುತ್ತಿದ್ದ ಹಳಿಯಾಳ, ಮುಂಡಗೋಡದವರಿಗೆ ಅದು ಯಾವುದೋ ದೂರದ ಸುದ್ದಿಯಾಗಿರಲಿಲ್ಲ. ಜ್ವರ ಬಂದು ಸಂದಿಯಲ್ಲಿ ಗಡ್ಡೆ ಎದ್ದರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ತಯಾರಿಸಿದ ಹೊಸ ಲಸಿಕೆಯನ್ನು ಅದೇ 1898ರಲ್ಲಿ ಹುಬ್ಬಳ್ಳಿಯ ಹತ್ತಾರು ಸಾವಿರ ಜನರಿಗೆ ಚುಚ್ಚಲಾಯಿತು. ಜಗತ್ತಿನ ಲಸಿಕೆಗಳ ಚರಿತ್ರೆಯಲ್ಲಿ ಹುಬ್ಬಳ್ಳಿಯ ಹೆಸರು ಬರುವುದು ಹೀಗೆ.

ಆ ಗಡ್ಡೆ ಅಂದರೆ ಏನು? ನಮ್ಮ ಮೈಯಲ್ಲಿ ರಕ್ತನಾಳಗಳ ಜತೆಜತೆಗೇ ಇನ್ನೊಂದು ಕಾಲುವೆಯ ಜಾಲವಿದೆ. ಅದರಲ್ಲಿ ಹರಿಯುವುದು ತಿಳಿಯಾದ ದುಗ್ಧರಸ. ಆ ಕಾಲುವೆಗಳ ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನಂಥ ಗ್ರಂಥಿಗಳಿವೆ. ಕೊರಳು, ಕಂಕುಳು, ತೊಡೆಸಂದಿಗಳಲ್ಲಿ ಗುಂಪುಗುಂಪಾಗಿ ಇವೆ. ಮೈಯ ಆ ಭಾಗಕ್ಕೆ ಬಂದ ವೈರಿಯನ್ನು ಗುರುತಿಸಿ ಕಾದಾಡುವುದು ಅವುಗಳ ಕೆಲಸ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಏಳುವುದು ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದ ಯಾರಿಗೂ ಗೊತ್ತು. ಪ್ಲೇಗಿನ ಇಲಿಚಿಗಟ ಕಾಲಿಗೆ ಕಚ್ಚಿದರೂ ಅಲ್ಲೇ ಏಳುತ್ತಿತ್ತು. ಅಂದರೆ ಗಂಟು ರೋಗವಲ್ಲ, ರೋಗ ಬಂದ ಸುದ್ದಿ. ಆದರೆ ಸುದ್ದಿ ತಂದವನನ್ನೇ ಯಮನೆಂದು ತಿಳಿಯುವಂತೆ ಪ್ಲೇಗು ಮಾಡಿಬಿಟ್ಟಿತು.

ಇನ್ನೊಂದು ಗಂಟು ಇದಕ್ಕಿಂತ ಹಳೆಯದು, ನಿಧಾನದ್ದು. ಕೊರಳ ಸುತ್ತ ಮಾಲೆಯ ಹಾಗೆ ಏಳುವ ಗಂಡಮಾಲೆ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯ ಗ್ರಂಥಿ, ಅಪಚಿ, ಅರ್ಬುದ, ಗಲಗಂಡ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ನೋಡುತ್ತದೆ. ಒಂದು ಅರ್ಬುದ ಇದ್ದಲ್ಲಿ ಇನ್ನೊಂದು ಹುಟ್ಟುವುದಕ್ಕೆ ಅಧ್ಯರ್ಬುದ ಎಂಬ ಬೇರೆ ಹೆಸರನ್ನೇ ಕೊಡುತ್ತದೆ. ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರು ಎಂದು ಎದೆ ತಟ್ಟಿಕೊಳ್ಳುವ ಉಮೇದು ನನಗಿಲ್ಲ. ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಇಷ್ಟು ಬೇರ್ಪಡಿಸಿದ್ದರಲ್ಲ ಎಂಬ ಬೆರಗು ಮಾತ್ರ ಇದೆ. ಗಂಡಮಾಲೆಯಲ್ಲಿ ಬಹುಪಾಲು ಕ್ಷಯದ ಗಂಟುಗಳೆಂದು ನಮಗೆ ಈಗ ಗೊತ್ತು. 1966ರಲ್ಲಿ ಮುಂಡಗೋಡದ ಪಕ್ಕದ ಕಾಡು ಕಡಿದು ನೆಲೆನಿಂತ ಟಿಬೆಟಿಯನ್ನರ ಕ್ಯಾಂಪುಗಳಲ್ಲಿ ಕ್ಷಯ ದಶಕಗಳ ಕಾಲ ದೊಡ್ಡ ಪಿಡುಗಾಗಿತ್ತು. ಇವತ್ತಿಗೂ ಈ ನಾಲ್ಕು ತಾಲೂಕುಗಳಲ್ಲಿ ಕೊರಳಿನ ಗಂಟು ಹಿಡಿದುಕೊಂಡು ಬಂದವರನ್ನು ಕಂಡರೆ ವೈದ್ಯರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಇದೇ: ಟೀಬಿಯೋ, ಮತ್ತೊಂದೋ?

1943ರಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ಹುಡುಗ ಮಣ್ಣಿನ ಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ತೆಗೆದ. ಪ್ಲೇಗಿಗೂ ಕ್ಷಯಕ್ಕೂ ಅದೇ ಔಷಧ ನಾಟಿತು. ಎರಡು ಗಡ್ಡೆಗಳ ಭಯ ಅಲ್ಲಿಗೆ ಅರ್ಧ ಇಳಿಯಿತು. ಮೂರನೆಯದರ ಭಯ ಹಾಗೇ ಉಳಿಯಿತು.

ಮೂರನೆಯದು ಕ್ಯಾನ್ಸರಿನ ಗಂಟು. ಇದರ ಬಗ್ಗೆ ನಮ್ಮಲ್ಲಿ ಒಂದು ತೀರ್ಪು ತಯಾರಾಗಿಯೇ ಇರುತ್ತದೆ: “ಕಂಕುಳಾಗ ಗಂಟ ಬಂದೈತಂತ, ಇನ್ನ ಮುಗೀತ ತಗೋ.” ನಾನು ಇದನ್ನು ಮದುವೆ ಮನೆಯಲ್ಲಿ, ಸಂತೆಯಲ್ಲಿ, ಧಾರವಾಡದ ಬಸ್ಸಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳುವವರನ್ನು ಬೈಯುವಂತೆಯೂ ಇಲ್ಲ. ಅವರು ಕಂಡಿದ್ದು ಅದನ್ನೇ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದೊಡ್ಡ ಕಾಯಿಲೆ ಬಂದರೆ ಅಳ್ನಾವರದಲ್ಲಿ ರೈಲು ಹತ್ತಿ ಲೋಂಡಾ ದಾಟಿ ಮಿರಜಿಗೆ, ವಾನ್ಲೆಸ್ ಅವರ ಮಿಶನ್ ಆಸ್ಪತ್ರೆಗೆ ಹೋಗಬೇಕಿತ್ತು. ಕ್ಯಾನ್ಸರಿಗೆಂದೇ ಕಟ್ಟಿದ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದದ್ದು 1941ರಲ್ಲಿ, ಅದೂ ಮುಂಬಯಿಯಲ್ಲಿ. ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು 1957ರಲ್ಲಿ ಬಂತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರದ್ದು. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಬರುವವರೆಗೂ ಸೂಪಾ ಸೀಮೆಯ ಕುಣಬಿ ಹೆಂಗಸಿಗೋ ಯಲ್ಲಾಪುರ ಗಡಿಯ ಸಿದ್ದಿಯರವನಿಗೋ ಈ ರೋಗಕ್ಕೆ ಚಿಕಿತ್ಸೆ ಇದೆ ಎಂಬುದೇ ಒಂದು ವದಂತಿಯಷ್ಟೆ. ಗಂಟು ಒಡೆದು ಹುಣ್ಣಾದ ಮೇಲೆ ಹೊರಟವರು ತಿರುಗಿ ಬಂದ ಉದಾಹರಣೆ ಊರಿನ ಕಣ್ಣಿಗೆ ಬೀಳಲಿಲ್ಲ.

ಆದರೆ ಆ ತೀರ್ಪು ನಮ್ಮ ಊರಿನದ್ದು ಮಾತ್ರವಲ್ಲ. ದೊಡ್ಡ ದೊಡ್ಡ ಸರ್ಜನ್ನರೂ ಹೆಚ್ಚುಕಡಿಮೆ ಅದನ್ನೇ ನಂಬಿದ್ದರು. ಹದಿನೆಂಟನೆಯ ಶತಮಾನದ ಫ್ರೆಂಚ್ ಸರ್ಜನ್ ಲ ದ್ರಾಂ, ಕ್ಯಾನ್ಸರ್ ಮೊದಲು ಒಂದು ಜಾಗದಲ್ಲಿ ಹುಟ್ಟಿ ಆಮೇಲೆ ದುಗ್ಧನಾಳ ಹಿಡಿದು ಗ್ರಂಥಿಗೆ ಹೋಗುತ್ತದೆ ಎಂದ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ವಿರ್ಷೋ, ಗ್ರಂಥಿ ಎಂದರೆ ಸೋಸುವ ಜರಡಿ, ರೋಗವನ್ನು ಸ್ವಲ್ಪ ಕಾಲ ತಡೆದು ನಿಲ್ಲಿಸುವ ಕೋಟೆ ಎಂದ. ಕೋಟೆಯ ಚಿತ್ರ ಬಂದ ಮೇಲೆ ಸರ್ಜನ್ನರಿಗೆ ಕೆಲಸ ಸ್ಪಷ್ಟವಾಯಿತು: ವೈರಿ ಕೋಟೆ ದಾಟುವ ಮೊದಲು ಕೋಟೆಯನ್ನೇ ಕಿತ್ತುಹಾಕಬೇಕು. ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಐವತ್ತು ರೋಗಿಗಳ ವರದಿ ಪ್ರಕಟಿಸಿದ. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಎಲ್ಲ ಗ್ರಂಥಿ, ಎಲ್ಲವನ್ನೂ ಒಂದೇ ತುಂಡಾಗಿ ತೆಗೆಯುವುದು ಅವನ ಪದ್ಧತಿ. ಕೊರಳಿಗೆ ಇದೇ ಕೆಲಸವನ್ನು ಜಾರ್ಜ್ ಕ್ರೈಲ್ ಮಾಡಿದ. 1906ರಲ್ಲಿ 132 ಶಸ್ತ್ರಕ್ರಿಯೆಗಳ ವರದಿ ಕೊಟ್ಟ. ಗ್ರಂಥಿಗಳ ಜತೆ ಕೊರಳಿನ ದೊಡ್ಡ ಸ್ನಾಯು, ದೊಡ್ಡ ರಕ್ತನಾಳ, ತೋಳೆತ್ತುವ ನರ ಎಲ್ಲವೂ ಹೋಗುತ್ತಿದ್ದವು. ಬದುಕಿದವರ ಹೆಗಲು ಜೋತು ಬೀಳುತ್ತಿತ್ತು.

ಹಾಲ್‌ಸ್ಟೆಡ್ ಪ್ರಾಮಾಣಿಕ ಮನುಷ್ಯ, ತನ್ನ ರೋಗಿಗಳ ಲೆಕ್ಕ ಇಟ್ಟ. ಆ ಲೆಕ್ಕವೇ ಅವನ ವಿರುದ್ಧ ಸಾಕ್ಷಿ ನುಡಿಯಿತು. ಕಂಕುಳಿಗೆ ಹಬ್ಬದಿದ್ದವರಲ್ಲಿ ಬಹಳ ಜನ ಬದುಕಿದ್ದರು. ಹಬ್ಬಿದವರಲ್ಲಿ, ಗಂಟುಗಳನ್ನು ಅಷ್ಟು ಚೊಕ್ಕವಾಗಿ ತೆಗೆದಿದ್ದರೂ, ಬಹಳ ಜನ ಸತ್ತಿದ್ದರು. ಇದಕ್ಕೆ ಅವನ ಶಿಷ್ಯರು ಕಂಡುಕೊಂಡ ಉತ್ತರ ಇನ್ನಷ್ಟು ಕತ್ತರಿಸುವುದು. ಎದೆಗೂಡಿನ ಒಳಗಿನ ಗ್ರಂಥಿ, ಕೊರಳಪಟ್ಟಿಯ ಮೇಲಿನ ಗ್ರಂಥಿ ಹೀಗೆ ಮುಂದೆ ಮುಂದೆ ಹೋದರು. ಎಪ್ಪತ್ತು ವರ್ಷ ಇದು ನಡೆಯಿತು. ಎದುರು ಮಾತಾಡಿದವರಲ್ಲಿ ಲಂಡನ್ನಿನ ಜೆಫ್ರಿ ಕೇನ್ಸ್ ಒಬ್ಬ, ಅರ್ಥಶಾಸ್ತ್ರಜ್ಞ ಕೇನ್ಸ್‌ನ ತಮ್ಮ. ಇನ್ನೊಬ್ಬ, ವಿಚಿತ್ರವೆಂದರೆ, ಕೊರಳು ಕತ್ತರಿಸುವುದನ್ನು ಕಲಿಸಿದ ಆ ಕ್ರೈಲ್‌ನ ಮಗ! ಅಪ್ಪನ ಹೆಸರೇ ಅವನಿಗೂ. 1950ರ ದಶಕದಲ್ಲಿ ಅವನು ಸಣ್ಣ ಶಸ್ತ್ರಕ್ರಿಯೆ ಸಾಕು ಎಂದು ವಾದಿಸಿ ತನ್ನವರಿಂದಲೇ ಬೈಸಿಕೊಂಡ.

ವಾದದಿಂದ ತೀರದ್ದನ್ನು ತೀರಿಸಿದವನು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್. 1971ರಿಂದ 1974ರವರೆಗೆ 1,665 ಮಹಿಳೆಯರನ್ನು ಸೇರಿಸಿಕೊಂಡು ಅವನು ಒಂದು ಪರೀಕ್ಷೆ ನಡೆಸಿದ. ಮುಟ್ಟಿದಾಗ ಕಂಕುಳಲ್ಲಿ ಗಂಟು ಸಿಗದಿದ್ದವರಲ್ಲಿ ಕೆಲವರಿಗೆ ಹಾಲ್‌ಸ್ಟೆಡ್ ರೀತಿಯಲ್ಲಿ ಎಲ್ಲ ತೆಗೆದರು. ಕೆಲವರಿಗೆ ಸ್ತನ ಮಾತ್ರ ತೆಗೆದು ಕಂಕುಳನ್ನು ಮುಟ್ಟದೇ ಬಿಟ್ಟರು. ಎಲ್ಲ ತೆಗೆದವರ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನೂರಕ್ಕೆ ಸುಮಾರು ನಲವತ್ತು ಜನರಲ್ಲಿ ಕ್ಯಾನ್ಸರ್ ಇತ್ತು. ಹಾಗಾದರೆ ಕಂಕುಳು ಮುಟ್ಟದೇ ಬಿಟ್ಟವರಲ್ಲೂ ನಲವತ್ತು ಜನರ ಗ್ರಂಥಿಯಲ್ಲಿ ಅದು ಇದ್ದಿರಲೇಬೇಕು. ಆದರೆ ಮುಂದೆ ಗಂಟಾಗಿ ಎದ್ದದ್ದು ಅದರ ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಇಪ್ಪತ್ತೈದು ವರ್ಷ ಕಾದು 2002ರಲ್ಲಿ ಲೆಕ್ಕ ಹಾಕಿದರೂ ಎರಡೂ ಗುಂಪಿನಲ್ಲಿ ಬದುಕಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಕೋಟೆಯ ಚಿತ್ರ ಬಿದ್ದುಹೋಯಿತು. ಸ್ತನದ ಕ್ಯಾನ್ಸರಿನಲ್ಲಿ ಕಂಕುಳಿನ ಗಂಟು ಹೇಳುವುದು ಇಷ್ಟು: ಈ ರೋಗಕ್ಕೆ ಓಡಾಡುವ ಗುಣವಿದೆ, ರಕ್ತದಲ್ಲೂ ಕೆಲವು ಕಣಗಳು ಹೋಗಿರಬಹುದು, ಅವನ್ನು ಚಾಕು ಮುಟ್ಟಲಾರದು.

ಹಾಗಾದರೆ ಮುಟ್ಟುವುದು ಯಾವುದು? ಇಲ್ಲಿಂದ ಗಂಟು ಹಬ್ಬಿದವರ ಬದುಕಿನ ನಿಜವಾದ ಕಥೆ ಶುರುವಾಗುತ್ತದೆ, ಅದರ ಒಂದು ಎಳೆ ಆಂಧ್ರದ ಭೀಮವರಂನಲ್ಲಿದೆ. ಅಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕಕ್ಕೆ ಹೋಗಿ ಲೆಡರ್ಲೆ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾದರು. ಫೋಲಿಕ್ ಆಮ್ಲಕ್ಕೆ ಅಡ್ಡಗಾಲು ಹಾಕುವ ಔಷಧಗಳು ಅವರ ತಂಡದಿಂದ ಬಂದವು. ಅದರಲ್ಲೊಂದನ್ನು ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲ ಕಂಡ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅದೇ ಕುಟುಂಬದ ಮೆಥೊಟ್ರೆಕ್ಸೇಟನ್ನು ಇನ್ನೆರಡು ಔಷಧಗಳ ಜತೆ ಸೇರಿಸಿ ಇಟಲಿಯ ಮಿಲಾನಿನಲ್ಲಿ ಜಾನ್ನಿ ಬೊನಡೊನ್ನ ಒಂದು ಪ್ರಯೋಗ ಮಾಡಿದ. ಅವನು ಆರಿಸಿಕೊಂಡ 386 ಮಹಿಳೆಯರೂ ಕಂಕುಳಿಗೆ ಗಂಟು ಹಬ್ಬಿದವರೇ, ಅಂದರೆ ನಮ್ಮೂರಿನ ಮಾತಿನಲ್ಲಿ ‘ಮುಗೀತ ತಗೋ’ ಎನಿಸಿಕೊಂಡವರೇ. ಶಸ್ತ್ರಕ್ರಿಯೆಯ ನಂತರ 207 ಜನರಿಗೆ ಔಷಧ ಕೊಟ್ಟ, 179 ಜನರಿಗೆ ಕೊಡಲಿಲ್ಲ. 27 ತಿಂಗಳಾಗುವಷ್ಟರಲ್ಲಿ ಔಷಧವಿಲ್ಲದವರಲ್ಲಿ ನೂರಕ್ಕೆ 24 ಜನರಿಗೆ ರೋಗ ಮರುಕಳಿಸಿತ್ತು, ಔಷಧ ಪಡೆದವರಲ್ಲಿ ನೂರಕ್ಕೆ ಐದು ಜನರಿಗೆ ಮಾತ್ರ. 1976ರಲ್ಲಿ ಇದು ಪ್ರಕಟವಾಯಿತು. ಕಾಲ ಕಳೆದಂತೆ ಅಂತರ ಅಷ್ಟೇ ದೊಡ್ಡದಾಗಿ ಉಳಿಯಲಿಲ್ಲ ನಿಜ, ಆದರೆ ಇಪ್ಪತ್ತು ವರ್ಷಗಳ ನಂತರ ಎಣಿಸಿದಾಗಲೂ ಅಳಿಸಿಹೋಗಿರಲಿಲ್ಲ. ಇವತ್ತು ಗಂಟು ಹಬ್ಬಿದ ಯಾರಾದರೂ ಕೀಮೋ ಪಡೆದು ಬದುಕಿದ್ದರೆ ಅವರ ಹಿಂದೆ ಆ 386 ಮಹಿಳೆಯರಿದ್ದಾರೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ನಮ್ಮ ದೇಶದ ಲೆಕ್ಕವೂ ಈಗ ಸಿಗುತ್ತದೆ. 2012ರಿಂದ 2015ರ ನಡುವೆ ಸ್ತನ ಕ್ಯಾನ್ಸರ್ ಪತ್ತೆಯಾದವರನ್ನು ದೇಶದ ಹನ್ನೊಂದು ನೋಂದಣಿ ಕೇಂದ್ರಗಳ ಮೂಲಕ ಹಿಂಬಾಲಿಸಿದ ವರದಿ 2024ರಲ್ಲಿ ಬಂತು. ರೋಗ ಸ್ತನದಲ್ಲೇ ಇದ್ದವರಲ್ಲಿ ಶೇ. 81, ಸುತ್ತಲಿಗೆ ಅಥವಾ ಹತ್ತಿರದ ಗಂಟುಗಳಿಗೆ ಹಬ್ಬಿದವರಲ್ಲಿ ಶೇ. 65.5, ದೂರದ ಅಂಗಕ್ಕೆ ಹೋದವರಲ್ಲಿ ಶೇ. 18.3 ಜನ ಐದು ವರ್ಷ ದಾಟಿದ್ದರು. ಮಧ್ಯದ ಸಂಖ್ಯೆಯನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಮೂವರಲ್ಲಿ ಸುಮಾರು ಇಬ್ಬರು. ಅಮೆರಿಕದಲ್ಲಿ ಇದೇ ಹಂತದವರಲ್ಲಿ ಶೇ. 85ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ಈ ಇಪ್ಪತ್ತರ ಅಂತರದ ಬಹುಪಾಲು ರೋಗದ್ದಲ್ಲ; ತಡವಾಗಿ ಹೋಗುವುದರದ್ದು, ನಡುವೆ ಬಿಡುವುದರದ್ದು, ದುಡ್ಡಿನದ್ದು ಎಂದು ನನ್ನ ಅನಿಸಿಕೆ.

ಬಾಯಿಯ ಕ್ಯಾನ್ಸರಿನ ಮಾತು ಬೇರೆ. ದಾಂಡೇಲಿಯ ಕಾಗದದ ಗಿರಣಿಯ ಪಾಳಿಯಲ್ಲಿ, ಲಾರಿ ಸ್ಟ್ಯಾಂಡಿನಲ್ಲಿ, ಜೋಯಿಡಾದ ಕಾಡಿನ ಕೂಲಿಯಲ್ಲಿ ನಿದ್ದೆ ಓಡಿಸಲು, ಹಸಿವು ಮರೆಸಲು ಗುಟ್ಕಾ, ತಂಬಾಕು ಬಾಯಿಗೆ ಬಂದು ಎಷ್ಟೋ ಕಾಲವಾಯಿತು. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಮಾರುವವರು ಅಡಿಕೆಯದ್ದೊಂದು, ತಂಬಾಕಿನದ್ದೊಂದು ಎಂದು ಎರಡು ಚೀಟು ಮಾಡಿದರು. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಮಾತನ್ನು ನಮ್ಮ ಜಿಲ್ಲೆಯಲ್ಲಿ ಗಟ್ಟಿಯಾಗಿ ಹೇಳುವುದು ಕಷ್ಟ. ಶಿರಸಿ ಕಡೆಯ ನೆಂಟರ ಎದುರು ನಾನೂ ಹೇಳುವುದಿಲ್ಲ. ಈ ಕ್ಯಾನ್ಸರಿನಲ್ಲಿ ಕೊರಳಿಗೆ ಗಂಟು ಬಂದರೆ ಬದುಕುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಿದ್ದರೆ ಗಂಟು ಕಾಣುವ ಮೊದಲೇ ಕೊರಳಿನ ಗ್ರಂಥಿ ತೆಗೆಯಬೇಕೋ, ಕಾಣುವವರೆಗೆ ಕಾಯಬೇಕೋ? ಜಗತ್ತು ಐವತ್ತು ವರ್ಷ ಜಗಳಾಡಿದ ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಟಾಟಾ ಮೆಮೋರಿಯಲ್. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ 500 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಮೊದಲೇ ತೆಗೆದವರಲ್ಲಿ ಮೂರು ವರ್ಷಕ್ಕೆ ಶೇ. 80 ಜನ ಉಳಿದಿದ್ದರು, ಕಾದು ತೆಗೆದವರಲ್ಲಿ ಶೇ. 67.5. ಕಂಕುಳಲ್ಲಿ ಫಿಶರ್ ಹೇಳಿದ್ದಕ್ಕೆ ಇದು ತದ್ವಿರುದ್ಧ. ಕೊರಳಿನ ಮಟ್ಟಿಗೆ ಹಳೆಯ ಕೋಟೆಯ ಚಿತ್ರದಲ್ಲಿ ಸ್ವಲ್ಪ ಸತ್ಯ ಉಳಿದಿತ್ತು. ಅಪ್ಪ ಕ್ರೈಲ್ ಪೂರ್ತಿ ತಪ್ಪಿರಲಿಲ್ಲ. ಸ್ನಾಯು, ನರಗಳನ್ನು ಉಳಿಸಿಕೊಂಡೇ ಗ್ರಂಥಿ ತೆಗೆಯುವುದನ್ನು ಅರ್ಜೆಂಟೀನಾದ ಸುವಾರೆಸ್ 1960ರ ದಶಕದಲ್ಲಿ ತೋರಿಸಿಕೊಟ್ಟಿದ್ದರಿಂದ ಈಗ ಎಲ್ಲರ ಹೆಗಲು ಜೋತು ಬೀಳಬೇಕಾಗಿಲ್ಲ.

ನನ್ನ ದೊಡ್ಡಪ್ಪನ ಮಗಳು ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಭತ್ತ, ಕಬ್ಬು ಬೆಳೆಯುವ ಮನೆಯ ಸೊಸೆ. ಅಕ್ಕನಿಗೆ 2011ರಲ್ಲಿ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಕಂಕುಳಿನಿಂದ ತೆಗೆದ ಹದಿನಾಲ್ಕು ಗ್ರಂಥಿಗಳಲ್ಲಿ ಐದರಲ್ಲಿ ರೋಗವಿತ್ತು. ಸೂಜಿ ಚುಚ್ಚಿದರೆ ಹಬ್ಬುತ್ತದೆ ಎಂದು ಅವಳ ಅತ್ತೆ ಮೂರು ತಿಂಗಳು ತಡೆದಿದ್ದರು. ಗಂಟು ಯಾವುದೆಂದು ತಿಳಿಯಲು ಸೂಜಿ ಪರೀಕ್ಷೆಯಷ್ಟು ಸುಲಭದ ದಾರಿ ಇನ್ನೊಂದಿಲ್ಲ ಎಂದು ಅವರಿಗೆ ಒಪ್ಪಿಸಿದ್ದು ಕೊನೆಗೂ ಊರಿನ ನರ್ಸಮ್ಮ. ಶಸ್ತ್ರಕ್ರಿಯೆ, ಕೀಮೋ, ಕರೆಂಟು ಎಲ್ಲ ಮುಗಿದ ಮೇಲೆ ಅಕ್ಕನಿಗೆ ದಿನಕ್ಕೊಂದು ಟ್ಯಾಮೊಕ್ಸಿಫೆನ್ ಮಾತ್ರೆ ಐದು ವರ್ಷಕ್ಕೆಂದು ಬರೆದುಕೊಟ್ಟಿದ್ದರು. ಅವಳು ನುಂಗುತ್ತಿರುವಾಗಲೇ, ಐದರ ಬದಲು ಹತ್ತು ವರ್ಷ ತೆಗೆದುಕೊಂಡರೆ ಮರುಕಳಿಕೆ ಇನ್ನೂ ಕಡಿಮೆ ಎಂಬ ಅಟ್ಲಾಸ್ ಅಧ್ಯಯನ ಬಂತು. ಡಾಕ್ಟರು 2016ರಲ್ಲಿ ಇನ್ನೈದು ವರ್ಷ ಮುಂದುವರಿಸಿದರು. ಅಕ್ಕ ಇದ್ದಾಳೆ. ಈ ಸಲ ನಾಟಿಗೆ ಆಳು ಸಿಗಲಿಲ್ಲ ಎಂದು ಫೋನಿನಲ್ಲಿ ಅರ್ಧ ಗಂಟೆ ಗೋಳು ಹೇಳಿಕೊಂಡಳು.

ಆದರೆ ಬದುಕಿದ್ದಾಳೆ ಎಂಬಲ್ಲಿಗೆ ಎಲ್ಲ ಮುಗಿಯುವುದಿಲ್ಲ. ಗ್ರಂಥಿ ತೆಗೆದ ಕಡೆ ದುಗ್ಧರಸ ಹರಿಯಲು ದಾರಿ ಕಡಿಮೆಯಾಗಿ ತೋಳು ಬಾಯುತ್ತದೆ. ಎಲ್ಲರಿಗೂ ಅಲ್ಲ, ಅಕ್ಕನಿಗೆ ಮೂರನೆಯ ವರ್ಷ ಶುರುವಾಯಿತು. ಬಳೆ ಏರದ ಕೈ. ಕಬ್ಬಿನ ರವದಿ ಗೀರಿದರೆ, ಒಲೆಯ ಕಿಡಿ ತಾಗಿದರೆ ಆ ಕೈ ಕೆಂಪಾಗಿ ಜ್ವರ ಬರುತ್ತದೆ. ಪಟ್ಟಿ ಸುತ್ತುವುದು, ಮೆಲ್ಲಗೆ ನೀವುವುದು, ಚರ್ಮ ಒಡೆಯದಂತೆ ಎಣ್ಣೆ ಹಚ್ಚುವುದು ಇವೇ ಮದ್ದು. ಆ ಕೈಯಲ್ಲಿ ಭಾರ ಎತ್ತಲೇಬಾರದು ಎಂದು ಮೊದಲು ಹೇಳುತ್ತಿದ್ದರು. ಕ್ರಮವಾಗಿ, ಸ್ವಲ್ಪಸ್ವಲ್ಪವಾಗಿ ಎತ್ತಿದರೆ ಬಾವು ಹೆಚ್ಚುವುದಿಲ್ಲ ಎಂದು 2009ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕೊಡ ಹೊರದೆ ದಿನ ಕಳೆಯದ ಹೆಂಗಸರಿಗೆ ಇದು ಸಣ್ಣ ಸುದ್ದಿಯಲ್ಲ. ಈ ಬಾವಿನ ಚಿಕಿತ್ಸೆಯಲ್ಲಿ ನಮ್ಮ ಕಾಸರಗೋಡು ಜಗತ್ತಿಗೇ ಹೆಸರಾಗಿದೆ. ಆನೆಕಾಲು ರೋಗದವರಿಗಾಗಿ ಆಯುರ್ವೇದ, ಯೋಗ, ಆಧುನಿಕ ವೈದ್ಯ ಮೂರನ್ನೂ ಸೇರಿಸಿದ ಪದ್ಧತಿಯನ್ನು ಡಾ. ಎಸ್.ಆರ್. ನರಹರಿಯವರ ಚರ್ಮರೋಗ ಸಂಸ್ಥೆ ಅಲ್ಲಿ ಬೆಳೆಸಿದೆ. ಕಾಲಿಗಾದರೂ ಕೈಗಾದರೂ ಕಟ್ಟಿದ ಕಾಲುವೆಯ ಲೆಕ್ಕ ಒಂದೇ.

ದುಡ್ಡಿನ ಮಾತು ಆಡದಿದ್ದರೆ ಈ ಚರಿತ್ರೆ ಅರ್ಧವೇ. 2010ರಲ್ಲಿ ರಾಜ್ಯ ಸರಕಾರ ವಾಜಪೇಯಿ ಆರೋಗ್ಯಶ್ರೀ ತಂದಿತು. ಬಡತನ ರೇಖೆಯ ಕೆಳಗಿನವರಿಗೆ ಕ್ಯಾನ್ಸರ್, ಹೃದಯದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಪುಕ್ಕಟೆ. ಮೊದಲು ಕಲಬುರ್ಗಿ ವಿಭಾಗಕ್ಕೆ, ಆಮೇಲೆ ನಮ್ಮ ಜಿಲ್ಲೆಯೂ ಸೇರಿದ ಬೆಳಗಾವಿ ವಿಭಾಗಕ್ಕೆ ಬಂತು. ದಕ್ಷಿಣ ಕರ್ನಾಟಕಕ್ಕೆ ಆಗಿನ್ನೂ ಬಂದಿರಲಿಲ್ಲ. ಈ ಗಡಿಯ ಆಚೀಚಿನ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿದ್ದು: ಯೋಜನೆ ಇದ್ದ ಕಡೆಯ ಬಡವರಲ್ಲಿ, ಅದಕ್ಕೆ ಒಳಪಟ್ಟ ಕಾಯಿಲೆಗಳಿಂದಾದ ಸಾವು ಶೇ. 64ರಷ್ಟು ಕಡಿಮೆ. ಅಕ್ಕನ ಬಿಲ್ಲೂ ಆ ಕಾರ್ಡಿನ ಮೇಲೆಯೇ ಹೋಯಿತು. ಅದೇ ಯೋಜನೆ ಈಗ ಆಯುಷ್ಮಾನ್ ಹೆಸರಿನಲ್ಲಿ ಸೇರಿಹೋಗಿದೆ. ಹಾಗೆಯೇ ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ವರವಾದ ಟ್ರಾಸ್ಟುಜುಮ್ಯಾಬ್ 1998ರಿಂದ ಇದ್ದರೂ ಬೆಲೆ ಕೇಳಿಯೇ ಜನ ಎದ್ದು ಬರುತ್ತಿದ್ದರು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದಕ್ಕೆ ಹೋಲುವ ಔಷಧ ತಂದ ಮೇಲೆ ಬೆಲೆ ಸ್ವಲ್ಪ ಇಳಿಯಿತು.

ಇನ್ನು ದಾರಿ. 2022ರ ಮಳೆಗಾಲದಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಶಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಲ್ಲ ಕಡೆ ಎದ್ದದ್ದು ನೆನಪಿರಬಹುದು. ಕರಾವಳಿಯವರು ಮಣಿಪಾಲಕ್ಕೋ ಗೋವೆಗೋ ಓಡಬೇಕು. ಹಳಿಯಾಳ, ಮುಂಡಗೋಡದವರಿಗೆ ಹುಬ್ಬಳ್ಳಿ ಐವತ್ತು ಕಿಲೋಮೀಟರಿನ ಆಸುಪಾಸು, ದಾಂಡೇಲಿಯಿಂದ ಇನ್ನೂ ಸ್ವಲ್ಪ ಹೆಚ್ಚು. ಜೋಯಿಡಾದ ಒಳಹಳ್ಳಿಯವರಿಗೆ ಬಸ್ಸು ಬರುವ ರಸ್ತೆಗೆ ಮುಟ್ಟುವುದೇ ಒಂದು ಪ್ರಯಾಣ. ಕರೆಂಟಿನ ಚಿಕಿತ್ಸೆ ಅಂದರೆ ವಾರಕ್ಕೆ ಐದು ದಿನ, ಐದು ವಾರ, ಇಪ್ಪತ್ತೈದು ಸಲ. ಪ್ರತಿ ಸಲ ಮೆಷಿನ್ನಿನ ಕೆಳಗೆ ಮಲಗುವುದು ಕೆಲವೇ ನಿಮಿಷ. ಆ ನಿಮಿಷಗಳಿಗಾಗಿ ಅಕ್ಕ ಬೆಳಗಿನ ಮೊದಲ ಬಸ್ಸಿಗೆ ಹೊರಟು ಸಂಜೆ ದನ ಕಟ್ಟುವ ಹೊತ್ತಿಗೆ ಬರುತ್ತಿದ್ದಳು. ಅವಳ ಜತೆ ಚೀಟಿ ಹಿಡಿದು ಕೂತಿದ್ದ ಜೋಯಿಡಾದ ಒಬ್ಬ ಹೆಂಗಸು ಹನ್ನೊಂದನೆಯ ದಿನದಿಂದ ಕಾಣಲಿಲ್ಲವಂತೆ. ಗದ್ದೆ ಕೆಲಸ ಶುರುವಾಗಿತ್ತು. ಇಪ್ಪತ್ತೈದರ ಬದಲು ಹದಿನೈದು ಸಲ ಕೊಟ್ಟರೂ ಫಲ ಕಡಿಮೆಯಾಗದು ಎಂದು ಬ್ರಿಟನ್ನಿನ ಸ್ಟಾರ್ಟ್ ಪರೀಕ್ಷೆಗಳು 2008ರಲ್ಲೇ ತೋರಿಸಿದ್ದವು. ನಮ್ಮ ಕಡೆಯ ಆಸ್ಪತ್ರೆಗಳಲ್ಲೂ ಈಗ ಮೂರು ವಾರದ ಲೆಕ್ಕ ಹಾಕುವುದು ನಿಧಾನವಾಗಿ ರೂಢಿಯಾಗುತ್ತಿದೆ. ಹತ್ತು ಪ್ರಯಾಣ ಉಳಿಯುತ್ತದೆ. ಹೋದ ವರ್ಷ ದಾಂಡೇಲಿಯ ಪರಿಚಯದವರೊಬ್ಬರ ತಾಯಿಗೆ, ಕಂಕುಳಲ್ಲಿ ಎರಡು ಗಂಟು ಇದ್ದವರು, ಹದಿನೈದು ದಿನದ ಚೀಟಿಯನ್ನೇ ಬರೆದುಕೊಟ್ಟರು. ಅವರು ಒಂದು ದಿನವೂ ತಪ್ಪಿಸಲಿಲ್ಲ.